ಮಾಲು ಹೋಗುವ ಮುಂಚೆ ಆಡಬೇಕಾದ ಮಾತು: ಸಣ್ಣ ಉದ್ಯಮ ಬೇರೆಯವರ ಜೊತೆ ಕೈಜೋಡಿಸುವಾಗ

ಶ್ರಾವಣದ ಒಂದು ಸಂಜೆ ನಮ್ಮ ಓಣಿಯ ರೊಟ್ಟಿ ಅಕ್ಕ ಎರಡು ಹಾಳೆಯ ಒಂದು ಕಾಗದ ಹಿಡಿದುಕೊಂಡು ಬಂದರು. ಹುಬ್ಬಳ್ಳಿಯಲ್ಲಿ ಹತ್ತು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಖಡಕ್ ರೊಟ್ಟಿ ಮಾಡಿ ಮಾರುವವರು ಅವರು. ಜೋಳದ್ದು, ಎಳ್ಳು ಹಚ್ಚಿದ ಸಜ್ಜೆಯದ್ದು, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬೆಂಗಳೂರಿನಲ್ಲಿ ಏಳೆಂಟು ಅಂಗಡಿ ಇರುವವರೊಬ್ಬರು ತಿಂಗಳಿಗೆ ಸಾವಿರ ಪ್ಯಾಕೆಟ್ ರೊಟ್ಟಿ ಕೇಳಿದ್ದರು.

"ಅಣ್ಣಾ, ಇದಕ್ಕ ಸಹಿ ಮಾಡ್ಲ್ಯೋ ಬ್ಯಾಡೋ, ಒಂದೀಟು ನೋಡಿ ಹೇಳ್ರಿ" ಅಂದರು. ನಾನು ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆದುಕೊಡುವವನು. ಇಂಥ ಕಾಗದ ತಿಂಗಳಿಗೆ ಒಂದೆರಡಾದರೂ ನನ್ನ ಟೇಬಲ್ಲಿಗೆ ಬರುತ್ತವೆ. ಕಾಗದ ಇಂಗ್ಲಿಷಿನಲ್ಲಿತ್ತು. ದರ ಮೊದಲ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ. ಉಳಿದದ್ದೆಲ್ಲ ಎರಡನೇ ಹಾಳೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ.

ದೊಡ್ಡವರ ಜೊತೆ ಸೇರಿ ಕೈ ಸುಟ್ಟುಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ದರ ಕಡಿಮೆಯಾಗಿ ಮುಳುಗಿದವರು ಅವರಲ್ಲಿ ಕಡಿಮೆ. ದುಡ್ಡು ಯಾವಾಗ, ಒಡೆದರೆ ಯಾರ ತಲೆಗೆ, ತಪ್ಪಾದರೆ ಯಾರು ಹೊಣೆ ಅನ್ನುವ ಮಾತನ್ನು ಆಡದೆ ಬಿಟ್ಟು ಮುಳುಗಿದವರೇ ಜಾಸ್ತಿ. ಸಂಕೋಚ ಒಂದು ಕಾರಣ. ಮನೆ ಬಾಗಿಲಿಗೆ ಬಂದ ಆರ್ಡರ್, ಸುಮ್ನೆ ಕೊಸರಾಡಿ ಕೈ ತಪ್ಪಿಸಿಕೊಳ್ಳೋದು ಯಾಕೆ ಅನ್ನುವ ಭಯ ಇನ್ನೊಂದು.

ಅಕ್ಕನ ಲೆಕ್ಕವನ್ನೇ ನೋಡಿ. ಹತ್ತು ರೊಟ್ಟಿಯ ಒಂದು ಪ್ಯಾಕೆಟ್ಟಿಗೆ ಅವರಿಗೆ ಬೀಳುವ ಖರ್ಚು 42 ರೂಪಾಯಿ. ಮನೆಯ ಮುಂದೆ 60ಕ್ಕೆ ಮಾರುತ್ತಾರೆ. ಅಂಗಡಿಯವರು ಕೊಡುತ್ತೇವೆ ಅಂದದ್ದು 62. ಒಂದು ಪ್ಯಾಕೆಟ್ಟಿಗೆ 20 ರೂಪಾಯಿ, ಸಾವಿರಕ್ಕೆ 20,000. ಅಕ್ಕನ ಮುಖದಲ್ಲಿ ಆ ಇಪ್ಪತ್ತು ಸಾವಿರ ಆಗಲೇ ಕಾಣುತ್ತಿತ್ತು.

ಎರಡನೇ ಹಾಳೆಗೆ ಬಂದೆವು. ರಟ್ಟಿನ ಪೆಟ್ಟಿಗೆ ಮತ್ತು ಲಾರಿ ಬಾಡಿಗೆ ಅಕ್ಕನದೇ. ಪ್ಯಾಕೆಟ್ಟಿಗೆ 5 ರೂಪಾಯಿ ಹಿಡಿಯಿರಿ, ಖರ್ಚು 47 ಆಯಿತು. ಒಡೆದದ್ದು, ಮಾರಾಟವಾಗದೆ ಉಳಿದದ್ದು ವಾಪಸ್, ಅದಕ್ಕೆ ದುಡ್ಡಿಲ್ಲ. ಖಡಕ್ ರೊಟ್ಟಿ ಅಂದಮೇಲೆ ಒಡೆಯದೆ ಇರುತ್ತದೆಯೇ? ನೂರಕ್ಕೆ 12 ವಾಪಸ್ ಬಂತು ಅಂದುಕೊಂಡರೆ ದುಡ್ಡು ಬರುವುದು 880 ಪ್ಯಾಕೆಟ್ಟಿಗೆ ಮಾತ್ರ. ಅಂದರೆ 54,560 ರೂಪಾಯಿ. ಖರ್ಚು ಸಾವಿರಕ್ಕೂ ಆಗಿದೆ, 47,000. ಕೈಯಲ್ಲಿ ಉಳಿಯುವುದು 7,560.

ಇನ್ನೂ ಮುಗಿಯಲಿಲ್ಲ. ದುಡ್ಡು 60 ದಿನಕ್ಕೆ. ಅಂದರೆ ಎರಡು ತಿಂಗಳ ಮಾಲಿನ 94,000 ರೂಪಾಯಿ ಯಾವಾಗಲೂ ಬೆಂಗಳೂರಿನಲ್ಲೇ ಸಿಕ್ಕಿಕೊಂಡಿರುತ್ತದೆ. ಜೋಳದ ಅಂಗಡಿಯವನು 60 ದಿನ ಕಾಯುವುದಿಲ್ಲ, ಹೆಣ್ಣುಮಕ್ಕಳ ಪಗಾರ ಶನಿವಾರಕ್ಕೆ ಆಗಬೇಕು. ಆ 94,000ವನ್ನು ನೂರಕ್ಕೆ ಎರಡರಂತೆ ಕೈಸಾಲ ತಂದರೆ ತಿಂಗಳಿಗೆ 1,880 ಬಡ್ಡಿ. ಕೊನೆಗೆ ಉಳಿದದ್ದು 5,680. ಇಪ್ಪತ್ತು ಸಾವಿರ ಎಲ್ಲಿ, ಇದೆಲ್ಲಿ? ಮನೆ ಮುಂದೆ 320 ಪ್ಯಾಕೆಟ್ ಮಾರಿದರೂ ಇಷ್ಟು ಸಿಗುತ್ತದೆ.

ಹಾಗಂತ ಬೇಡ ಅನ್ನಬೇಕು ಅಂತಲ್ಲ. ಮನೆ ಮುಂದಿನ ವ್ಯಾಪಾರಕ್ಕೆ ಒಂದು ಮಿತಿ ಇದೆ, ಬೆಂಗಳೂರಿಗೆ ಅಷ್ಟು ಬೇಗ ಇಲ್ಲ. ಇದೇ ಕಾಗದದಲ್ಲಿ ಎರಡೇ ಸಾಲು ಬದಲಾಯಿಸಿದರೆ, ವಾಪಸ್ಸಿಗೆ ಒಂದು ಮಿತಿ, ದುಡ್ಡಿಗೆ ಒಂದು ಗಡುವು, ಲೆಕ್ಕ ಬೇರೆಯೇ ಆಗುತ್ತದೆ. ದರದಲ್ಲಿ ಎರಡು ರೂಪಾಯಿ ಏರಿಸಿ ಅಂತ ಜಗ್ಗಾಡುವುದಕ್ಕಿಂತ ಇದು ಸುಲಭ. ಕೊಳ್ಳುವವರಿಗೂ ದರ ಏರಿಸುವುದಕ್ಕಿಂತ ದಿನ ಇಳಿಸುವುದು ಹಗುರ ಅನಿಸುತ್ತದೆ.

ಮಾಲು ಕೊಡುವುದರಲ್ಲಿ ಎರಡು ಬಗೆ ಇದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು, ಅವರು ಕೊಂಡುಕೊಳ್ಳುವುದು. ಮಾಲು ಅವರ ಗೋಡೌನ್ ಮುಟ್ಟಿದ ಮೇಲೆ ಅವರದು. ಇನ್ನೊಂದು, ನಿಮ್ಮ ಮಾಲನ್ನು ಅವರ ಕಪಾಟಿನಲ್ಲಿ ಇಟ್ಟುಕೊಂಡು, ಮಾರಿದಷ್ಟಕ್ಕೆ ದುಡ್ಡು ಕೊಡುವುದು. ಎರಡನೆಯದರಲ್ಲಿ ಅಂಗಡಿ ಅವರದು, ನಷ್ಟ ನಿಮ್ಮದು. ಅದು ತಪ್ಪೇನಲ್ಲ, ಆದರೆ ಹಾಗಿದ್ದರೆ ದರ ಜಾಸ್ತಿ ಕೇಳಬೇಕು. ಅಕ್ಕನ ಕಾಗದದಲ್ಲಿ ಹೆಸರು ಮೊದಲನೆಯದು, ನಡೆ ಎರಡನೆಯದು.

ದುಡ್ಡಿನ ಗಡುವು: ಕಾನೂನು ನಿಮ್ಮ ಕಡೆಗಿದೆ, ಆದರೆ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಮಾತು ಸಣ್ಣ ಉದ್ಯಮದವರಿಗೆ ಹೇಳಿ ಮಾಡಿಸಿದ ಹಾಗಿದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಇದಕ್ಕೆಂದೇ ಒಂದು ಅಧ್ಯಾಯ ಇಟ್ಟಿದೆ. ಅದರ ಸಾರ ಇಷ್ಟು. ಸಣ್ಣ ಅಥವಾ ಅತಿಸಣ್ಣ ಘಟಕದಿಂದ ಮಾಲು ತಗೊಂಡವರು ಬರಹದಲ್ಲಿ ಒಪ್ಪಿಕೊಂಡ ದಿನದೊಳಗೆ ದುಡ್ಡು ಕೊಡಬೇಕು, ಆ ದಿನ ಯಾವ ಕಾರಣಕ್ಕೂ 45 ಮೀರುವಂತಿಲ್ಲ. ಬರಹವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ಅಕ್ಕನ ಕಾಗದದಲ್ಲಿದ್ದ 60 ದಿನ ಬರೆದಾಗಲೇ ಕಾನೂನಿಗೆ ವಿರುದ್ಧವಾಗಿತ್ತು. ಅದು ಬರೆದವರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದರೋ, ಯಾರು ಬಲ್ಲರು.

ದಿನ ಎಣಿಸುವುದು ಎಲ್ಲಿಂದ? ಮಾಲು ಮುಟ್ಟಿದ ದಿನದಿಂದ. ಮುಟ್ಟಿದ 15 ದಿನದೊಳಗೆ ಕೊಂಡವರು ಬರಹದಲ್ಲಿ ತಕರಾರು ತೆಗೆಯದಿದ್ದರೆ ಮಾಲನ್ನು ಒಪ್ಪಿಕೊಂಡ ಹಾಗೆಯೇ ಲೆಕ್ಕ. ಮೂರು ತಿಂಗಳಾದ ಮೇಲೆ ದುಡ್ಡು ಕೇಳಿದಾಗ "ಆ ಲಾಟ್ ಸರಿ ಇರಲಿಲ್ಲ" ಅನ್ನುವ ಹಳೇ ರಾಗ ಇದೆಯಲ್ಲ, ಅದಕ್ಕೆ ಇದೇ ಉತ್ತರ. ಆದರೆ ಮುಟ್ಟಿದ ದಿನ ಯಾವುದು ಅನ್ನುವುದಕ್ಕೆ ನಿಮ್ಮ ಹತ್ತಿರ ಕಾಗದ ಇರಬೇಕು. ಮಾಲಿನ ಜೊತೆ ಹೋಗುವ ಚಲನ್‌ನ ಪ್ರತಿ, ತಾರೀಖು, ಸಹಿ, ಸೀಲು ಇರುವಂಥದ್ದು. ಇದನ್ನು ತಪ್ಪದೆ ಇಟ್ಟುಕೊಳ್ಳುವವರು ನನ್ನ ಗಿರಾಕಿಗಳಲ್ಲಿ ಬೆರಳೆಣಿಕೆಯಷ್ಟು.

ಇದರ ಲಾಭ ಸಿಗಬೇಕಾದರೆ ಉದ್ಯಮ್ ನೋಂದಣಿ, ಅಂದರೆ ನಿಮ್ಮ ಘಟಕದ ಹೆಸರು ಕೇಂದ್ರ ಸರ್ಕಾರದ ಪಟ್ಟಿಯಲ್ಲಿ, ಇರಬೇಕು. ಆನ್‌ಲೈನಿನಲ್ಲಿ, ಆಧಾರ್ ಮತ್ತು ಪಾನ್ ಇದ್ದರೆ ಸಾಕು, ಸರ್ಕಾರಕ್ಕೆ ಶುಲ್ಕ ಇಲ್ಲ. ಆರ್ಡರ್ ತಗೊಳ್ಳುವ ಮುಂಚೆಯೇ ಮಾಡಿಸಿಕೊಳ್ಳಿ. ಜಗಳ ಬಂದ ಮೇಲೆ ಮಾಡಿಸಿಕೊಂಡು ಹಳೇ ಬಿಲ್ಲಿಗೆ ಹಚ್ಚಲು ಹೋದರೆ ಅದೇ ಒಂದು ವಾದವಾಗುತ್ತದೆ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಈ ರಕ್ಷಣೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೂ 2021ರಿಂದ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ.

ದುಡ್ಡು ಬರಲಿಲ್ಲ ಅಂದರೆ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು. ಅದು ಇಂಥ ಬಾಕಿಯ ಜಗಳ ತೀರಿಸುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ ಹೋಗುತ್ತದೆ. ಅಲ್ಲಿ ಸೋತ ಕೊಳ್ಳುವವರು ಕೋರ್ಟಿಗೆ ಹೋಗಬೇಕಾದರೆ ತೀರ್ಪಿನ ಮೊತ್ತದ ನೂರಕ್ಕೆ 75ನ್ನು ಮೊದಲು ಕಟ್ಟಬೇಕು. ಗಟ್ಟಿ ಕಾನೂನೇ. ಆದರೆ ದೂರು ಕೊಟ್ಟ ಮೇಲೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ. ಹಾಗಾಗಿ ಇದನ್ನು ಸಂಬಂಧ ಮುಗಿದೇ ಹೋಯಿತು ಅನ್ನುವಾಗ ತೆಗೆಯುವ ಅಸ್ತ್ರ ಅಂತ ನಾನು ಹೇಳುತ್ತೇನೆ.

ಅದಕ್ಕಿಂತ ಮೆತ್ತಗೆ ಕೆಲಸ ಮಾಡುವುದು ಆದಾಯ ತೆರಿಗೆಯ ಒಂದು ಸಾಲು. ಕಾಯ್ದೆಗೆ 43ಬಿ(ಎಚ್) ಅಂತ ಒಂದು ಕಲಂ ಸೇರಿಸಿ, 2023-24ರ ಲೆಕ್ಕದಿಂದ ಜಾರಿಗೆ ತಂದರು. ಸಣ್ಣ ಘಟಕಕ್ಕೆ ಕೊಡಬೇಕಾದ ದುಡ್ಡು ಎಂಎಸ್‌ಎಂಇ ಕಾಯ್ದೆಯ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದಿದ್ದರೆ, ಕೊಂಡವರು ಅದನ್ನು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ. ಕೊಟ್ಟ ವರ್ಷವೇ ಖರ್ಚು. ಅಂದರೆ ನಿಮ್ಮ ಒಂದು ಲಕ್ಷ ಹಿಡಿದಿಟ್ಟರೆ ಆ ಒಂದು ಲಕ್ಷ ಅವರ ಲಾಭಕ್ಕೆ ಸೇರಿ ಅದರ ಮೇಲೆ ತೆರಿಗೆ ಬೀಳುತ್ತದೆ. ಇದನ್ನು ಬೆದರಿಕೆಯಾಗಿ ಹೇಳಬೇಕಿಲ್ಲ. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ಸಂಖ್ಯೆ ಎದ್ದು ಕಾಣುವಂತೆ ಹಾಕಿದರೆ ಸಾಕು, ಅವರ ಆಡಿಟರೇ ಫೆಬ್ರವರಿಯಲ್ಲಿ ನಿಮ್ಮ ಪರವಾಗಿ ಫೋನ್ ಮಾಡುತ್ತಾರೆ. ಸಣ್ಣ ಘಟಕದವರ ಬಾಕಿ ವಸೂಲಿಗೆ ಫೆಬ್ರವರಿ, ಮಾರ್ಚ್‌ನಷ್ಟು ಒಳ್ಳೆಯ ತಿಂಗಳು ಬೇರೆ ಇಲ್ಲ. ಅಡ್ಡ ಪರಿಣಾಮವೂ ಇದೆ. ಈ ತಲೆನೋವೇ ಬೇಡ ಅಂತ ನೋಂದಣಿ ಇಲ್ಲದವರನ್ನು ಹುಡುಕಿಕೊಂಡು ಹೋದ ಕೊಳ್ಳುವವರನ್ನೂ ನೋಡಿದ್ದೇನೆ.

ಕೊಳ್ಳುವವರು ದೊಡ್ಡ ಕಂಪನಿಯಾಗಿದ್ದರೆ ಟ್ರೆಡ್ಸ್ ಅನ್ನುವ ದಾರಿ ಇದೆ. ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿರುವ ಆನ್‌ಲೈನ್ ವೇದಿಕೆಗಳಿವು. ನೀವು ಬಿಲ್ ಹಾಕುತ್ತೀರಿ, ಕಂಪನಿ ಹೌದು ಇದು ಕೊಡಬೇಕಾದದ್ದೇ ಅಂತ ಒಪ್ಪುತ್ತದೆ, ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ಹೇಳುತ್ತವೆ, ಕಡಿಮೆ ಹೇಳಿದವರಿಂದ ನಿಮಗೆ ಆಗಲೇ ದುಡ್ಡು. ಗಡುವಿನ ದಿನ ಕಂಪನಿ ಬ್ಯಾಂಕಿಗೆ ಕಟ್ಟುತ್ತದೆ. ಕಟ್ಟದಿದ್ದರೆ ಬ್ಯಾಂಕ್ ನಿಮ್ಮ ಬಾಗಿಲಿಗೆ ಬರುವುದಿಲ್ಲ, ಅದೇ ಇದರ ಸೊಗಸು. ಬಡ್ಡಿಯೂ ಕಂಪನಿಯ ಹೆಸರಿನ ಬಲದ ಮೇಲೆ ನಿಲ್ಲುವುದರಿಂದ ನಿಮಗೆ ಸಿಗುವ ಕೈಸಾಲಕ್ಕಿಂತ ಬಹಳ ಅಗ್ಗ. ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಲೇಬೇಕು ಅಂತ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಏಳೆಂಟು ಅಂಗಡಿಯವರಿಗೆ ಇದು ಅನ್ವಯಿಸುವುದಿಲ್ಲ ಬಿಡಿ.

ನಾನೂರು ಬುಷ್ ಮತ್ತು ಒಂದು ವಾಟ್ಸಾಪ್ ಮೆಸೇಜ್

ಈಗ ರೊಟ್ಟಿ ಬಿಟ್ಟು ಕಬ್ಬಿಣಕ್ಕೆ ಬರೋಣ. ನಮ್ಮ ಚಿಕ್ಕಪ್ಪನ ಮಗನದು ಗೋಕುಲ ರಸ್ತೆ ಕಡೆ ಒಂದು ಸಣ್ಣ ವರ್ಕ್‌ಶಾಪ್. ಎರಡು ಲೇತ್, ಕಂಪ್ಯೂಟರ್ ನಡೆಸುವ ಒಂದು ಸಿಎನ್‌ಸಿ ಮಷೀನ್. ಪಂಪು ಮಾಡುವ ಒಂದು ಕಾರ್ಖಾನೆಗೆ ಬುಷ್, ಅಂದರೆ ದಂಡ ಕೂರುವ ಲೋಹದ ಬಳೆ, ಮಾಡಿಕೊಡುತ್ತಿದ್ದ. ಒಂದು ಸಲ 400 ಬುಷ್ ಕಳಿಸಿದ, ನಾನೂರೂ ವಾಪಸ್ ಬಂದವು. ಒಳವ್ಯಾಸ ಅರ್ಧ ಮಿಲಿಮೀಟರ್ ಕಡಿಮೆ. ಇವನು ತನ್ನ ಹತ್ತಿರ ಇದ್ದ ಡ್ರಾಯಿಂಗ್ ತೋರಿಸಿದ, ಅದರ ಪ್ರಕಾರ ಸರಿಯಾಗಿಯೇ ಇತ್ತು. "ಹೊಸಾ ಡ್ರಾಯಿಂಗ್ ಕಳ್ಸೀವಲ್ರೀ" ಅಂದರು ಅವರು. ಕಳಿಸಿದ್ದು ನಿಜ. ಅವರ ಸ್ಟೋರ್ಸಿನ ಹುಡುಗ ಇವನ ತಮ್ಮನ ಮೊಬೈಲಿಗೆ ವಾಟ್ಸಾಪ್ ಮಾಡಿದ್ದ. ತಮ್ಮ ಆಗ ಊರಿನ ಜಾತ್ರೆಯಲ್ಲಿದ್ದ.

ಯಾರ ತಪ್ಪು? ಎರಡೂ ಕಡೆಯವರು ಇನ್ನೂ ತಮ್ಮದಲ್ಲ ಅನ್ನುತ್ತಾರೆ. ಅರ್ಧರ್ಧ ನಷ್ಟ ಹಂಚಿಕೊಂಡು ಮುಗಿಸಿದರು. ಆಮೇಲಿಂದ ಅವನು ಒಂದು ಪದ್ಧತಿ ಮಾಡಿಕೊಂಡ. ಆರ್ಡರ್ ಅಂದರೆ ಪಿಒ (ಬರಹದಲ್ಲಿ ಬಂದ ಖರೀದಿ ಆದೇಶ) ಮಾತ್ರ. ಪಿಒದಲ್ಲಿ ಡ್ರಾಯಿಂಗ್ ನಂಬರ್ ಇರಬೇಕು, ಅದರ ಎಷ್ಟನೇ ತಿದ್ದುಪಡಿ ಅನ್ನುವುದೂ ಇರಬೇಕು. ಇಲ್ಲದಿದ್ದರೆ ಮಷೀನ್ ಚಾಲೂ ಆಗುವುದಿಲ್ಲ. ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಮಾತು ಅವರಿಬ್ಬರ ನಡುವೆ ಮಾತ್ರ. ಮೊದಲ ಐದು ತುಂಡು ಮಾಡಿ ಕಳಿಸಿ, ಅವರು ಅಳತೆ ನೋಡಿ ಸಹಿ ಹಾಕಿದ ಮೇಲೆ ಉಳಿದದ್ದು.

ಜಾಬ್ ವರ್ಕ್‌ನಲ್ಲಿ, ಅಂದರೆ ಅವರ ಮಾಲಿಗೆ ನಾವು ಕೂಲಿಗೆ ಕೆಲಸ ಮಾಡಿಕೊಡುವುದರಲ್ಲಿ, ಇನ್ನೆರಡು ವಿಷಯಕ್ಕೆ ಜಗಳ ಬರುತ್ತದೆ. ಒಂದು ಸ್ಕ್ರ್ಯಾಪ್. ಅವರು ಕೊಟ್ಟ ಹತ್ತು ಕೆಜಿ ರಾಡಿನಲ್ಲಿ ಆರೂವರೆ ಕೆಜಿ ಬುಷ್ ಆದರೆ ಉಳಿದ ಮೂರೂವರೆ ಕೆಜಿ ಸುರುಳಿ ಯಾರದ್ದು? ಜಿಎಸ್‌ಟಿ ಕಾನೂನು ಇಬ್ಬರಲ್ಲಿ ಯಾರಾದರೂ ಮಾರಬಹುದು ಅನ್ನುತ್ತದೆ, ಜಾಬ್ ವರ್ಕ್ ಮಾಡುವವರಿಗೆ ನೋಂದಣಿ ಇದ್ದರೆ ಅವರೇ ನೇರವಾಗಿ ಮಾರಬಹುದು. ಅದು ಯಾರ ಜೇಬಿಗೆ ಅನ್ನುವುದನ್ನು ಮಾತ್ರ ನೀವೇ ಬರೆದುಕೊಳ್ಳಬೇಕು. ಹಿತ್ತಾಳೆಯಾಗಿದ್ದರೆ ಕೂಲಿಗಿಂತ ಸ್ಕ್ರ್ಯಾಪೇ ಜಾಸ್ತಿ ಬೆಲೆಬಾಳಬಹುದು.

ಇನ್ನೊಂದು ಡೈ, ತುಂಡಿಗೆ ಆಕಾರ ಕೊಡುವ ಅಚ್ಚು. ಜಾಬ್ ವರ್ಕ್‌ಗೆ ಬಂದ ಕಚ್ಚಾ ಮಾಲು ಒಂದು ವರ್ಷದೊಳಗೆ, ಯಂತ್ರ ಮೂರು ವರ್ಷದೊಳಗೆ ವಾಪಸ್ ಹೋಗಬೇಕು ಅಂತ ಜಿಎಸ್‌ಟಿಯಲ್ಲಿ ಗಡುವಿದೆ. ಡೈ, ಮೋಲ್ಡ್, ಜಿಗ್, ಫಿಕ್ಸ್ಚರ್‌ಗೆ ಆ ಗಡುವಿಲ್ಲ. ಹಾಗಾಗಿ ಅವು ವರ್ಷಗಟ್ಟಲೆ ನಿಮ್ಮ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತವೆ. ಹತ್ತು ವರ್ಷದ ಮೇಲೆ ಅದು ಅವರದೋ ನಿಮ್ಮದೋ, ದುಡ್ಡು ಯಾರು ಹಾಕಿದ್ದು ಅಂತ ಇಬ್ಬರಿಗೂ ನೆನಪಿರುವುದಿಲ್ಲ. ಅವರು ಅರ್ಧ ನೀವು ಅರ್ಧ ಹಾಕಿ ಮಾಡಿಸಿದ್ದರಂತೂ ಕೇಳಲೇಬೇಡಿ. ಡೈ ಮೇಲೆಯೇ ಯಾರದ್ದು ಅಂತ ಪಂಚ್ ಹೊಡೆಸಿಬಿಡಿ, ಕಾಗದ ಕಳೆದರೂ ಕಬ್ಬಿಣ ಹೇಳುತ್ತದೆ.

ಸಮಾನರು ಸೇರಿದಾಗ

ದೊಡ್ಡವರ ಜೊತೆಗಿನ ಮಾತು ಇದಾದರೆ, ನಮ್ಮಂಥವರೇ ನಾಲ್ಕು ಜನ ಸೇರುವುದು ಬೇರೆ ಕಥೆ. ಅಲ್ಲಿ ಕಾಗದಕ್ಕಿಂತ ಮುಂಚೆ ಬೇಕಾದದ್ದು ಒಂದು ಅಳತೆ. ಐದು ಸಾವಿರ ಪ್ಯಾಕೆಟ್ ಆರ್ಡರ್ ಬಂತು, ನಾಲ್ಕು ಮನೆಯವರು ಹಂಚಿಕೊಂಡು ಮಾಡಿದರು ಅನ್ನಿ. ಒಬ್ಬರ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ, ಇನ್ನೊಬ್ಬರದು ದಪ್ಪ, ಮತ್ತೊಬ್ಬರದಕ್ಕೆ ಉಪ್ಪು ಮುಂದು. ಕೊಂಡವರು ಹೆಸರಿಡುವುದು ಆ ಒಬ್ಬರಿಗಲ್ಲ, ಇಡೀ ಗುಂಪಿಗೆ.

ಇದಕ್ಕೆ ಹುಬ್ಬಳ್ಳಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಶುರುವಾದದ್ದು, ಹೆಸರೇ ಹೇಳುವಂತೆ ಅನೇಕ ಖಾದಿ ಸಂಸ್ಥೆಗಳು ಕೂಡಿ ಆದ ಸಂಘ. ರಾಷ್ಟ್ರಧ್ವಜ ತಯಾರಿಕೆಗೆ ದೇಶಕ್ಕೇ ಹೆಸರಾದದ್ದು. ಧ್ವಜದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆಯಿಂದ ಬರುತ್ತದೆ. ನೂಲುವವರು ಒಬ್ಬರು, ನೇಯುವವರು ಒಬ್ಬರು, ಬಣ್ಣ ಹಾಕುವವರು, ಚಕ್ರ ಅಚ್ಚು ಹಾಕುವವರು, ಹೊಲಿಯುವವರು, ಹಗ್ಗ ಕಟ್ಟುವವರು ಬೇರೆ ಬೇರೆ. ಇಷ್ಟು ಕೈ ದಾಟಿದರೂ ಧ್ವಜ ಒಂದೇ ಥರ ಬರುವುದು ಹೇಗೆ? ಭಾರತೀಯ ಮಾನಕ ಅಂತ ಇದೆಯಲ್ಲ, ಅದರಲ್ಲಿ ಐಎಸ್ 1, ಅಂದರೆ ಮೊಟ್ಟಮೊದಲ ನಂಬರಿನ ಮಾನಕವೇ ರಾಷ್ಟ್ರಧ್ವಜದ್ದು. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲವೂ ಅದರಲ್ಲಿ ಬರೆದಿದೆ. ಹಂತ ಹಂತಕ್ಕೂ ಪರೀಕ್ಷೆ. ನನ್ನ ಕೈಯಿಂದ ಹೋದದ್ದು ಸರಿ ಇತ್ತು ಅನ್ನುವ ವಾದಕ್ಕೆ ಅಲ್ಲಿ ಜಾಗ ಕಡಿಮೆ.

ನಾಲ್ಕು ರೊಟ್ಟಿ ಮನೆಗೆ ಅಷ್ಟು ದೊಡ್ಡ ಪುಸ್ತಕ ಬೇಡ. ಇಷ್ಟು ಇಂಚು ಅಗಲದ ಒಂದು ಬಳೆ, ಒಂದು ತಕ್ಕಡಿ, ಹತ್ತು ಕೆಜಿ ಹಿಟ್ಟಿಗೆ ಇಷ್ಟು ಉಪ್ಪು ಅನ್ನುವ ಒಂದು ಚೀಟಿ. ಪ್ರತಿ ಮನೆಯ ಮೊದಲ ಪೆಟ್ಟಿಗೆಯನ್ನು ಬೇರೆ ಮನೆಯವರು ತೆರೆದು ನೋಡುವುದು. ಪೆಟ್ಟಿಗೆಯ ಒಳಗೆ ಯಾರ ಮನೆಯದು ಅಂತ ಒಂದು ಗುರುತು, ವಾಪಸ್ ಬಂದರೆ ಗೊತ್ತಾಗಲಿ ಅಂತ.

ಅದೇ ಸಂಘದ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ, ಕಹಿಯಾದದ್ದು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಟ್ಟೆಯ, ಮಷೀನಿನಲ್ಲಿ ಮಾಡಿದ ಧ್ವಜಕ್ಕೂ ಅನುಮತಿ ಕೊಟ್ಟರು. ಮುಂದಿನ ಆಗಸ್ಟಿನಲ್ಲಿ ಮನೆಮನೆಗೂ ಧ್ವಜ ಬಂತು, ಖಾದಿ ಧ್ವಜಕ್ಕೆ ಬರಬೇಕಿದ್ದ ಬೇಡಿಕೆ ಅಗ್ಗದ ಪಾಲಿಯೆಸ್ಟರಿನ ಕಡೆ ಹೋಯಿತು. ಗುಣಮಟ್ಟದಲ್ಲಿ ತಪ್ಪಿರಲಿಲ್ಲ, ಕೆಲಸದಲ್ಲಿ ತಪ್ಪಿರಲಿಲ್ಲ. ದೂರದಲ್ಲಿ ಎಲ್ಲೋ ಒಂದು ಸಾಲು ಬದಲಾಯಿತು, ಇಲ್ಲಿ ಮಗ್ಗಕ್ಕೆ ಬಿಸಿ ತಟ್ಟಿತು. ಒಬ್ಬರೇ ಗಿರಾಕಿ, ಒಂದೇ ಮಾಲು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ವ್ಯಾಪಾರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಒಬ್ಬರಿಗೇ ಹೋಗುತ್ತಿದ್ದರೆ ನೀವು ಅವರ ಜೊತೆ ವ್ಯಾಪಾರ ಮಾಡುತ್ತಿಲ್ಲ, ಪಗಾರ ಇಲ್ಲದ ನೌಕರಿ ಮಾಡುತ್ತಿದ್ದೀರಿ.

ಒಂದು ಆರ್ಡರಿಗೆ ಸೇರುವುದಾದರೆ ಕಂಪನಿ ಕಟ್ಟಬೇಕಿಲ್ಲ. ಒಬ್ಬರ ಹೆಸರಲ್ಲಿ ಆರ್ಡರ್ ತಗೊಂಡು, ಅವರು ಉಳಿದ ಮೂವರಿಗೆ ಅದೇ ಷರತ್ತಿನ ಪತ್ರ ಕೊಟ್ಟರೆ ಸಾಕು. ದುಡ್ಡು ಮುಂದೆ ನಿಂತವರ ಖಾತೆಗೆ ಬಂದ ಎಷ್ಟು ದಿನಕ್ಕೆ ಉಳಿದವರಿಗೆ ಅನ್ನುವುದನ್ನು ಮರೆಯದೆ ಬರೆಯಿರಿ. ಸೇರಿ ಯಂತ್ರ ಕೊಳ್ಳುವುದಾದರೆ ಮಾತ್ರ ಒಂದು ಸಂಸ್ಥೆ ಬೇಕು. ಪಾಲುದಾರಿಕೆ ಮಾಡಿದರೆ ನೋಂದಾಯಿಸಿ. 1932ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಪಾಲುದಾರಿಕೆ ಹೊರಗಿನವರಿಂದ ಬಾಕಿ ವಸೂಲಿಗೆ ಕೋರ್ಟಿಗೆ ಹೋಗುವಂತಿಲ್ಲ, ಜೊತೆಗೆ ನೋಂದಣಿ ಇದ್ದರೂ ಇಲ್ಲದಿದ್ದರೂ, ಸಂಸ್ಥೆಗಾಗಿ ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಇನ್ನೊಬ್ಬನ ಮನೆಯೂ ಸಿಕ್ಕಿಕೊಳ್ಳಬಹುದು. 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಇದೆ, ಅದರಲ್ಲಿ ನೀವು ಹಾಕಿದ ದುಡ್ಡಿಗಷ್ಟೇ ಹೊಣೆ. ಹತ್ತಿಪ್ಪತ್ತು ಘಟಕ ಸೇರಿ ಎಲ್ಲರೂ ಬಳಸುವ ಒಂದು ಸಾಮಾನ್ಯ ಸೌಲಭ್ಯ ಕೇಂದ್ರ ಮಾಡಿಕೊಳ್ಳಲು ಕೇಂದ್ರದ ಕ್ಲಸ್ಟರ್ ಯೋಜನೆಯಲ್ಲಿ ಸಹಾಯಧನವಿದೆ.

ಸರ್ಕಾರವೂ ಒಬ್ಬ ಗಿರಾಕಿಯೇ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 25ನ್ನು ಸಣ್ಣ, ಅತಿಸಣ್ಣ ಘಟಕಗಳಿಂದ ಮಾಡಬೇಕು. ಅದರೊಳಗೆ 4 ಪರಿಶಿಷ್ಟ ಜಾತಿ, ಪಂಗಡದವರ ಘಟಕಗಳಿಗೆ, 3 ಮಹಿಳೆಯರದಕ್ಕೆ. ಟೆಂಡರಿನ ಇಎಂಡಿ, ಅಂದರೆ ಮುಂಗಡ ಠೇವಣಿ, ಕಟ್ಟುವುದರಿಂದಲೂ ವಿನಾಯಿತಿ. 2016ರಿಂದ ಜೆಮ್ ಅನ್ನುವ ಸರ್ಕಾರಿ ಖರೀದಿಯ ಪೋರ್ಟಲ್ ಇರುವುದರಿಂದ ದಿಲ್ಲಿಗೆ ಓಡಾಡಬೇಕಿಲ್ಲ. ಎನ್‌ಜಿಒ, ಕಾಲೇಜು ಅಂಥವರ ಜೊತೆಗಿನ ಕೆಲಸದ ಬಗ್ಗೆ ಒಂದೇ ಮಾತು: ಅಲ್ಲಿ ಕೆಲಸ ನಡೆಯುವುದು ಒಬ್ಬ ಉತ್ಸಾಹಿ ಮೇಡಂ ಅಥವಾ ಸರ್ ಇರುವವರೆಗೆ. ಅವರು ವರ್ಗವಾಗಿ ಹೋದರೆ ಹೊಸಬರಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಮಾತಾಡಿದ್ದನ್ನು ಅದೇ ದಿನ ಒಂದು ಇಮೇಲ್ ಹಾಕಿಡಿ.

ಅಕ್ಕನ ವಿಷಯಕ್ಕೆ ಬಂದರೆ, ಆ ಕಾಗದವನ್ನು ಹರಿಯಲೂ ಇಲ್ಲ, ಸಹಿಯೂ ಮಾಡಲಿಲ್ಲ. ಫೋನ್ ಹಚ್ಚಿ ಅವರ ಜೊತೆ ತಾವೇ ಮಾತಾಡಿದರು. ದರದ ಸುದ್ದಿಯನ್ನೇ ಎತ್ತಲಿಲ್ಲ. ದುಡ್ಡಿಗೆ 30 ದಿನ ಅಂದರು, ಅವರು ಒಪ್ಪಿದರು. ವಾಪಸ್ ನೂರಕ್ಕೆ ಮೂರು ಅಂದರು, ಅವರು ಐದಕ್ಕೆ ನಿಂತರು. ಬಾಡಿಗೆಗೆ ಒಪ್ಪಲೇ ಇಲ್ಲ. ಮೂರು ತಿಂಗಳಿಗೆ ಮಾತ್ರ ಅಂತ ಬರೆಸಿ, ಆಮೇಲೆ ಮತ್ತೆ ಕೂತು ನೋಡೋಣ ಅಂತಾಯಿತು.

ಮೊದಲ ಲೋಡ್ ಹೋದ ದಿನ ನಾನೂ ಅಲ್ಲಿದ್ದೆ. ಪ್ರತಿ ಪೆಟ್ಟಿಗೆಯ ತಳಕ್ಕೂ ಮೇಲಕ್ಕೂ ಒಂದೊಂದು ದಪ್ಪ ರಟ್ಟು ಇಟ್ಟು ಕಟ್ಟಿದ್ದರು. ಗಾಡಿ ಸ್ಟಾರ್ಟ್ ಆಗಿತ್ತು. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಕಿಟಕಿಯೊಳಗೆ ಎರಡು ಪ್ರತಿ ಚಲನ್ ತೂರಿಸಿದರು.

"ತಮ್ಮಾ, ಒಂದು ಅವರಿಗೆ ಕೊಡು. ಇನ್ನೊಂದರ ಮ್ಯಾಲೆ ಅವರ ಸಹಿ, ಸೀಲು, ತಾರೀಖು ಹಾಕಿಸ್ಕೊಂಡು ಬಾ. ಇಲ್ಲಂದ್ರ ನಿನ್ನ ಬಾಡಿಗಿ ಇಲ್ಲ ನೋಡು."